ತಂತ್ರಾಂಶ ಡಿಸ್ಕ್ ವ್ಯೂಹದ ಚಾಲಕದಲ್ಲಿ ಕರ್ನಲ್ ಕುಸಿತದ ದೋಷಶೋಧನೆ

ತಂತ್ರಾಂಶ ಡಿಸ್ಕ್ ವ್ಯೂಹವೆಂದರೆ ಹಲವು ಡಿಸ್ಕ್‌ಗಳನ್ನು ಒಂದೇ ದೊಡ್ಡ ಡಿಸ್ಕಿನಂತೆ ಬಳಸಲು ಅನುವು ಮಾಡಿಕೊಡುವ ವ್ಯವಸ್ಥೆ. ಇದನ್ನು ನಡೆಸುವ ಚಾಲಕ ತಂತ್ರಾಂಶದಲ್ಲಿ ತಪ್ಪು ಸಂಭವಿಸಿ ಕಾರ್ಯಾಚರಣ ವ್ಯವಸ್ಥೆಯ ಕರ್ನಲ್ ಸ್ಥಗಿತಗೊಂಡಾಗ, ಆ ತಪ್ಪಿನ ಮೂಲವನ್ನು ಕಂಡುಹಿಡಿದು ಸರಿಪಡಿಸುವ ಕ್ರಮವನ್ನು ಕರ್ನಲ್ ಕುಸಿತದ ದೋಷಶೋಧನೆ ಎನ್ನುತ್ತಾರೆ. ಲಿನಕ್ಸ್ ಕರ್ನಲ್‌ನಲ್ಲಿ ಈ ಚಾಲಕವು ಎಂಡಿ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಈ ಲೇಖನವು ಎಂಡಿ ಚಾಲಕವನ್ನು ಆಧಾರವಾಗಿಟ್ಟುಕೊಂಡು ವಿಷಯವನ್ನು ವಿವರಿಸುತ್ತದೆ.

ಸಾಮಾನ್ಯ ಅನ್ವಯಿಕ ತಂತ್ರಾಂಶ ಕುಸಿದರೆ ಅದನ್ನು ಮುಚ್ಚಿ ಮತ್ತೆ ತೆರೆದರಾಯಿತು. ಡಿಸ್ಕ್ ವ್ಯೂಹದ ಚಾಲಕ ಕುಸಿದಾಗ ಮಾತ್ರ ಬಳಕೆದಾರರ ದತ್ತಾಂಶವೇ ಅಪಾಯಕ್ಕೆ ಸಿಲುಕುತ್ತದೆ. ಆದುದರಿಂದ ಇಲ್ಲಿ ಎರಡು ಕೆಲಸಗಳು ಜೊತೆಯಾಗಿ ನಡೆಯಬೇಕು: ತಪ್ಪಿನ ಸಾಕ್ಷ್ಯವನ್ನು ಕಾಪಾಡುವುದು ಹಾಗೂ ಡಿಸ್ಕ್‌ಗಳಲ್ಲಿರುವ ದತ್ತಾಂಶವನ್ನು ಕಾಪಾಡುವುದು. ಕುಸಿತದ ವರದಿಯು ತಪ್ಪು ಗಮನಕ್ಕೆ ಬಂದ ಸ್ಥಳವನ್ನು ತೋರಿಸುತ್ತದೆ. ತಪ್ಪು ನಡೆದ ಸ್ಥಳ ಬಹುಮಟ್ಟಿಗೆ ಬೇರೆಯೇ ಆಗಿರುತ್ತದೆ. ಈ ಎರಡರ ನಡುವಿನ ದಾರಿಯನ್ನು ಹಿಂದಕ್ಕೆ ನಡೆಯುವುದೇ ದೋಷಶೋಧನೆಯ ತಿರುಳು.

== ಹಿನ್ನೆಲೆ ==

ಅಗ್ಗದ ಹಲವು ಡಿಸ್ಕ್‌ಗಳನ್ನು ಸೇರಿಸಿ ದೊಡ್ಡ, ನಂಬಲರ್ಹ ಸಂಗ್ರಹವನ್ನು ರಚಿಸಬಹುದೆಂಬ ವಿಚಾರವನ್ನು ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವ್ಯವಸ್ಥಿತವಾಗಿ ಮಂಡಿಸಿದರು. ಇಂತಹ ವ್ಯೂಹಕ್ಕೆ ರೇಡ್ ಎಂಬ ಹೆಸರು ಅಲ್ಲಿಂದ ಬಂದಿತು. ವ್ಯೂಹವನ್ನು ಪ್ರತ್ಯೇಕ ಯಂತ್ರಾಂಶ ಫಲಕ ನಿರ್ವಹಿಸಬಹುದು, ಅಥವಾ ಕಾರ್ಯಾಚರಣ ವ್ಯವಸ್ಥೆಯೇ ನಿರ್ವಹಿಸಬಹುದು. ಎರಡನೆಯ ಬಗೆಯೇ ತಂತ್ರಾಂಶ ವ್ಯೂಹ.

ಲಿನಕ್ಸ್‌ನ ಎಂಡಿ ಚಾಲಕದ ಮೊದಲ ರೂಪವನ್ನು ಮಾರ್ಕ್ ಝಿಂಗಿಯರ್ ಬರೆದರು. ಬಳಿಕ ಇಂಗೊ ಮೊಲ್ನಾರ್ ಅದನ್ನು ಸಂಪೂರ್ಣವಾಗಿ ಪುನಃ ರಚಿಸಿದರು. ರೇಡ್-5ರ ಭಾಗವನ್ನು 1996 ಮತ್ತು 1997ರಲ್ಲಿ ಇಂಗೊ ಮೊಲ್ನಾರ್, ಮಿಗೆಲ್ ಡಿ ಇಕಾಜಾ ಮತ್ತು ಗಾಡಿ ಆಕ್ಸ್‌ಮನ್ ರಚಿಸಿದರು. ರೇಡ್-6ರ ಭಾಗ ಎಚ್. ಪೀಟರ್ ಆನ್ವಿನ್ ಅವರ ಕೊಡುಗೆ. ವ್ಯೂಹಗಳನ್ನು ರಚಿಸಿ ನಿರ್ವಹಿಸುವ ಎಂಡಿಎಡಿಎಂ ಎಂಬ ಸಾಧನವನ್ನು ನೀಲ್ ಬ್ರೌನ್ ಬರೆದರು. ಚಾಲಕದ ಪೋಷಣೆಯ ಹೊಣೆಯನ್ನೂ ಅವರು ಬಹುಕಾಲ ಹೊತ್ತಿದ್ದರು.

ಮುಖ್ಯವಾದ ವ್ಯೂಹಗಳು ಇವು:

* ರೇಡ್-0: ದತ್ತಾಂಶವನ್ನು ತುಂಡುಗಳಾಗಿ ಮಾಡಿ ಡಿಸ್ಕ್‌ಗಳಿಗೆ ಸರದಿಯಂತೆ ಹಂಚುತ್ತದೆ. ಒಂದು ಡಿಸ್ಕ್ ಕೆಟ್ಟರೂ ವ್ಯೂಹವೇ ಕೆಡುತ್ತದೆ.
* ರೇಡ್-1: ಎಲ್ಲ ಡಿಸ್ಕ್‌ಗಳಲ್ಲಿಯೂ ಒಂದೇ ಪ್ರತಿಯನ್ನು ಇಡುತ್ತದೆ.
* ರೇಡ್-5: ಒಂದು ಡಿಸ್ಕಿನಷ್ಟು ಸ್ಥಳವನ್ನು ಪ್ಯಾರಿಟಿಗೆ ಮೀಸಲಿಡುತ್ತದೆ. ತಲಾ 2 ಟೆರಾಬೈಟ್‌ನ 4 ಡಿಸ್ಕ್‌ಗಳಿದ್ದರೆ 6 ಟೆರಾಬೈಟ್ ಬಳಕೆಗೆ ದೊರೆಯುತ್ತದೆ.
* ರೇಡ್-6: ಎರಡು ಡಿಸ್ಕ್‌ಗಳು ಕೆಟ್ಟರೂ ದತ್ತಾಂಶ ಉಳಿಯುತ್ತದೆ.
* ರೇಡ್-10: ಪ್ರತಿಬಿಂಬ ಮತ್ತು ಹಂಚಿಕೆ ಎರಡನ್ನೂ ಕೂಡಿಸುತ್ತದೆ.

== ಪ್ಯಾರಿಟಿಯ ಲೆಕ್ಕ ==

ಚಾಲಕದ ತಪ್ಪುಗಳು ಏಕೆ ಅಪಾಯಕಾರಿ ಎಂಬುದನ್ನು ತಿಳಿಯಲು ಪ್ಯಾರಿಟಿಯ ಲೆಕ್ಕವನ್ನು ಅರಿಯಬೇಕು. ಮೂರು ಡಿಸ್ಕ್‌ಗಳಲ್ಲಿ ಒಂದೇ ಸ್ಥಾನದಲ್ಲಿರುವ ಅಂಕಿಗಳು 1, 0, 1 ಎಂದಿರಲಿ. ಒಂದುಗಳ ಸಂಖ್ಯೆ ಸಮವಾಗಿದ್ದರೆ ಪ್ಯಾರಿಟಿ 0, ಬೆಸವಾಗಿದ್ದರೆ 1. ಇಲ್ಲಿ ಒಂದುಗಳು ಎರಡು ಇರುವುದರಿಂದ ಪ್ಯಾರಿಟಿ 0. ಮೂರನೆಯ ಡಿಸ್ಕ್ ಕೆಟ್ಟುಹೋದರೆ ಉಳಿಯುವುದು 1, 0 ಮತ್ತು ಪ್ಯಾರಿಟಿ 0. ಒಟ್ಟು ಒಂದುಗಳು ಸಮವಾಗಬೇಕಾದುದರಿಂದ ಕಳೆದುಹೋದ ಅಂಕಿ 1 ಎಂದು ತಿಳಿಯುತ್ತದೆ.

ಈ ಲೆಕ್ಕ ಸರಿಯಾಗಿರಬೇಕಾದರೆ ದತ್ತಾಂಶ ಮತ್ತು ಪ್ಯಾರಿಟಿ ಸದಾ ಹೊಂದಿಕೊಂಡಿರಬೇಕು. ದತ್ತಾಂಶವನ್ನು ಬರೆದು ಪ್ಯಾರಿಟಿಯನ್ನು ಬರೆಯುವ ಮೊದಲೇ ಯಂತ್ರ ನಿಂತರೆ ಹೊಂದಿಕೆ ತಪ್ಪುತ್ತದೆ. ಎಲ್ಲ ಡಿಸ್ಕ್‌ಗಳೂ ಸುಸ್ಥಿತಿಯಲ್ಲಿದ್ದರೆ ಪ್ಯಾರಿಟಿಯನ್ನು ಮತ್ತೆ ಲೆಕ್ಕಹಾಕಿ ಸರಿಪಡಿಸಬಹುದು. ಆ ವೇಳೆಗೆ ಒಂದು ಡಿಸ್ಕ್ ಕೂಡ ಕೆಟ್ಟಿದ್ದರೆ, ಹಳೆಯ ಪ್ಯಾರಿಟಿಯಿಂದ ಲೆಕ್ಕಹಾಕಿದ ಅಂಕಿ ತಪ್ಪಾಗುತ್ತದೆ. ಬರೆಯುತ್ತಲೇ ಇರದ ಕಡತವೂ ಹೀಗೆ ಹಾಳಾಗಬಹುದು. ಇದಕ್ಕೆ ಬರಹದ ರಂಧ್ರ ಎಂದು ಹೆಸರು. ಮಳೆಗಾಲದಲ್ಲಿ ವಿದ್ಯುತ್ ಪದೇ ಪದೇ ಕೈಕೊಡುವ ಮಲೆನಾಡಿನಂತಹ ಪ್ರದೇಶಗಳಲ್ಲಿ ಡಿಸ್ಕ್ ವ್ಯೂಹದ ಜೊತೆಗೆ ಯುಪಿಎಸ್ ಇರಬೇಕೆನ್ನಲು ಇದೊಂದು ಕಾರಣ. ಕರ್ನಲ್ ಕುಸಿತವೂ ಹಠಾತ್ ವಿದ್ಯುತ್ ಕಡಿತದಂತೆಯೇ ವ್ಯೂಹವನ್ನು ನಡುವಿನಲ್ಲಿ ನಿಲ್ಲಿಸುತ್ತದೆ.

== ಚಾಲಕದ ಒಳರಚನೆ ==

ರೇಡ್-5 ಚಾಲಕವು ಕೆಲಸವನ್ನು ಪಟ್ಟಿಗಳ ಲೆಕ್ಕದಲ್ಲಿ ಮಾಡುತ್ತದೆ. ಎಲ್ಲ ಡಿಸ್ಕ್‌ಗಳಲ್ಲಿ ಒಂದೇ ಸ್ಥಾನದಲ್ಲಿರುವ ಭಾಗಗಳು ಹಾಗೂ ಅವುಗಳ ಪ್ಯಾರಿಟಿ ಸೇರಿ ಒಂದು ಪಟ್ಟಿ. ಬಳಕೆಯಲ್ಲಿರುವ ಪಟ್ಟಿಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಸ್ಥಳಕ್ಕೆ ಪಟ್ಟಿ ಸಂಗ್ರಹ ಎನ್ನಬಹುದು. ರೂಢಿಯಂತೆ ಅದರಲ್ಲಿ 256 ಪಟ್ಟಿಗಳಿಂದ ಆರಂಭ. ಪ್ರತಿ ಡಿಸ್ಕಿಗೆ 4 ಕಿಲೋಬೈಟ್‌ನಂತೆ 4 ಡಿಸ್ಕ್‌ಗಳ ವ್ಯೂಹಕ್ಕೆ ಇದು 4 ಮೆಗಾಬೈಟ್ ಮೆಮೊರಿಯನ್ನು ಬಳಸುತ್ತದೆ.

ಪ್ರತಿಯೊಂದು ಪಟ್ಟಿಗೂ ಒಂದು ಬಳಕೆ ಎಣಿಕೆ ಇರುತ್ತದೆ. ಯಾವುದಾದರೂ ಕಾರ್ಯ ಪಟ್ಟಿಯನ್ನು ಹಿಡಿದಾಗ ಎಣಿಕೆ ಒಂದು ಏರುತ್ತದೆ, ಬಿಟ್ಟಾಗ ಒಂದು ಇಳಿಯುತ್ತದೆ. ಸೊನ್ನೆಗೆ ಬಂದ ಪಟ್ಟಿಯನ್ನು ಬೇರೆ ಸ್ಥಾನದ ದತ್ತಾಂಶಕ್ಕಾಗಿ ಮರುಬಳಕೆ ಮಾಡಬಹುದು. ಗ್ರಂಥಾಲಯದಲ್ಲಿ ಪುಸ್ತಕವನ್ನು ಕೊಟ್ಟಾಗ ಮತ್ತು ಹಿಂಪಡೆದಾಗ ದಾಖಲೆ ಬರೆಯುವಂತೆಯೇ ಇದು. ದಾಖಲೆ ತಪ್ಪಿದರೆ ಒಬ್ಬರ ಕೈಯಲ್ಲಿರುವ ಪುಸ್ತಕವನ್ನು ಇನ್ನೊಬ್ಬರಿಗೆ ಕೊಡಮಾಡಿದಂತಾಗುತ್ತದೆ.

ವ್ಯೂಹದ ಹೆಚ್ಚಿನ ಕೆಲಸವನ್ನು ಅದಕ್ಕೆಂದೇ ಇರುವ ಕರ್ನಲ್ ತಂತುವೊಂದು ಮಾಡುತ್ತದೆ. ಓದು ಬರಹದ ಕೋರಿಕೆಗಳು ಹಲವು ಪ್ರೊಸೆಸರ್‌ಗಳಿಂದ ಏಕಕಾಲಕ್ಕೆ ಬರುತ್ತವೆ. ಡಿಸ್ಕ್‌ಗಳು ಕೆಲಸ ಮುಗಿಸಿದ ಸೂಚನೆಯನ್ನು ಯಾವ ಕ್ಷಣದಲ್ಲಿ ಬೇಕಾದರೂ ಕೊಡುತ್ತವೆ. ಇವೆಲ್ಲದರ ನಡುವೆ ಎಣಿಕೆ ಮತ್ತು ಬೀಗಗಳ ಶಿಸ್ತು ಒಂದು ಕ್ಷಣ ತಪ್ಪಿದರೂ ದೋಷ ಹುಟ್ಟುತ್ತದೆ. 2015ರಲ್ಲಿ 4.1ನೆಯ ಆವೃತ್ತಿಗೆ ಅಕ್ಕಪಕ್ಕದ ಪಟ್ಟಿಗಳನ್ನು ಒಟ್ಟುಗೂಡಿಸಿ ಬರೆಯುವ ಸೌಲಭ್ಯ ಸೇರಿದಾಗ ಇಂತಹ ಹಲವು ಸೂಕ್ಷ್ಮ ದೋಷಗಳನ್ನು ತಿದ್ದಬೇಕಾಯಿತು.

== ಕುಸಿತದ ಬಗೆಗಳು ==

ಊಪ್ಸ್: ಅಮಾನ್ಯ ವಿಳಾಸವನ್ನು ಮುಟ್ಟುವುದೇ ಮೊದಲಾದ ತಪ್ಪು ನಡೆದಾಗ ಕರ್ನಲ್ ಮುದ್ರಿಸುವ ವರದಿ. ಆ ತಂತು ಮಾತ್ರ ಸಾಯುತ್ತದೆ, ಯಂತ್ರ ಕುಂಟುತ್ತಾ ಮುಂದುವರಿಯಬಹುದು.

ಪ್ಯಾನಿಕ್: ಮುಂದುವರಿಯುವುದು ಅಪಾಯವೆಂದು ಕರ್ನಲ್ ತೀರ್ಮಾನಿಸಿ ಇಡೀ ಯಂತ್ರವನ್ನು ನಿಲ್ಲಿಸುವ ಸ್ಥಿತಿ.

ಬಗ್-ಆನ್: ಎಂದೂ ಸಂಭವಿಸಬಾರದ ಸ್ಥಿತಿಯನ್ನು ಗುರುತಿಸಲು ಕರ್ನಲ್ ರಚನಕಾರರೇ ಇಟ್ಟಿರುವ ಕಾವಲು. ಮರುಬಳಕೆಗೆ ತೆಗೆದುಕೊಂಡ ಪಟ್ಟಿಯ ಬಳಕೆ ಎಣಿಕೆ ಸೊನ್ನೆಯಾಗಿರದಿದ್ದರೆ ರೇಡ್-5 ಚಾಲಕವು ತಾನಾಗಿಯೇ ಕುಸಿಯುತ್ತದೆ. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ಇದು ಅಮಾನ್ಯ ಆದೇಶ ಎಂಬ ಹೆಸರಿನಲ್ಲಿ ವರದಿಯಾಗುತ್ತದೆ. ಪ್ರೊಸೆಸರ್ ಕೆಟ್ಟಿದೆ ಎಂದು ಇದರಿಂದ ಭಾವಿಸಬಾರದು. ಆ ಅಮಾನ್ಯ ಆದೇಶವನ್ನು ಉದ್ದೇಶಪೂರ್ವಕವಾಗಿಯೇ ಅಲ್ಲಿ ಇಡಲಾಗಿರುತ್ತದೆ.

ಸ್ತಂಭನ: ಬೀಗಕ್ಕಾಗಿ ಅಥವಾ ಡಿಸ್ಕಿನ ಉತ್ತರಕ್ಕಾಗಿ ಕಾಯುತ್ತಾ ತಂತು ಮುಂದುವರಿಯದಿರುವುದು. ಸಾಮಾನ್ಯವಾಗಿ 120 ಸೆಕೆಂಡ್ ಕಳೆದ ಮೇಲೆ ಕರ್ನಲ್ ಎಚ್ಚರಿಕೆ ಮುದ್ರಿಸುತ್ತದೆ.

ಇವು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ವ್ಯೂಹದ ತಂತುವು ಊಪ್ಸ್‌ನಿಂದ ಸತ್ತರೆ ಅದರ ಕೈಯಲ್ಲಿದ್ದ ಕೋರಿಕೆಗಳು ಎಂದಿಗೂ ಮುಗಿಯುವುದಿಲ್ಲ. ಅವುಗಳನ್ನು ಕಾಯುವ ಎಲ್ಲ ಕಾರ್ಯಗಳೂ ಸ್ತಂಭಿಸುತ್ತವೆ. ಬಳಕೆದಾರರಿಗೆ ಮೊದಲು ಕಾಣುವುದು ಈ ಸ್ತಂಭನದ ಎಚ್ಚರಿಕೆಗಳ ಸಾಲು. ಮೂಲ ಊಪ್ಸ್ ವರದಿ ದಿನಚರಿ ಕಡತದಲ್ಲಿ ಬಹಳ ಮೇಲೆ ಹುದುಗಿರುತ್ತದೆ. ಆ ದಿನಚರಿ ಕಡತ ಅದೇ ವ್ಯೂಹದ ಮೇಲಿದ್ದರೆ ವರದಿ ಡಿಸ್ಕಿಗೆ ತಲುಪದೆಯೇ ಹೋಗಬಹುದು.

== ಸಾಕ್ಷ್ಯ ಸಂಗ್ರಹ ==

ಕುಸಿದ ಯಂತ್ರವನ್ನು ಕೂಡಲೇ ಮರುಚಾಲನೆ ಮಾಡಿದರೆ ಮೆಮೊರಿಯಲ್ಲಿದ್ದ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಇದನ್ನು ತಪ್ಪಿಸಲು ಲಿನಕ್ಸ್‌ನಲ್ಲಿರುವ ಮುಖ್ಯ ಸೌಲಭ್ಯ ಕೆಡಂಪ್. ಯಂತ್ರ ಆರಂಭವಾಗುವಾಗಲೇ ಮೆಮೊರಿಯ ಒಂದು ಭಾಗವನ್ನು ಮೀಸಲಿಟ್ಟು, ಅಲ್ಲಿ ಎರಡನೆಯ ಚಿಕ್ಕ ಕರ್ನಲ್ ಒಂದನ್ನು ಸಿದ್ಧವಾಗಿ ಇಡಲಾಗುತ್ತದೆ. ಮೊದಲ ಕರ್ನಲ್ ಪ್ಯಾನಿಕ್ ಆದಾಗ ಕೆಎಕ್ಸೆಕ್ ಎಂಬ ವಿಧಾನದಿಂದ ನಿಯಂತ್ರಣ ನೇರವಾಗಿ ಎರಡನೆಯದಕ್ಕೆ ಹೋಗುತ್ತದೆ. ಎರಡನೆಯ ಕರ್ನಲ್ ಮೀಸಲು ಜಾಗದೊಳಗೆ ಮಾತ್ರ ಓಡುವುದರಿಂದ ಮೊದಲನೆಯದರ ಮೆಮೊರಿ ಹಾಗೆಯೇ ಉಳಿಯುತ್ತದೆ. ಅದನ್ನು ಕಡತವಾಗಿ ಉಳಿಸಿ, ಬಳಿಕ ಬಿಡುವಾಗಿ ಪರೀಕ್ಷಿಸಬಹುದು.

ಡಿಸ್ಕ್ ವ್ಯೂಹದ ಕುಸಿತಕ್ಕೆ ಸಿದ್ಧತೆ ಮಾಡುವಾಗ ಮೂರು ಎಚ್ಚರಿಕೆಗಳು ಅಗತ್ಯ.

# ಮೆಮೊರಿಯ ಪ್ರತಿಯನ್ನು ಕುಸಿದ ವ್ಯೂಹದ ಮೇಲೆಯೇ ಉಳಿಸುವಂತೆ ಹೊಂದಿಸಬಾರದು. ಪ್ರತ್ಯೇಕ ಡಿಸ್ಕ್ ಅಥವಾ ಜಾಲದ ಮೂಲಕ ಬೇರೊಂದು ಯಂತ್ರವನ್ನು ಆರಿಸಿಕೊಳ್ಳಬೇಕು. ದೋಷವಿರುವ ಚಾಲಕವನ್ನೇ ಮತ್ತೆ ನಡೆಸಿದರೆ ಸಾಕ್ಷ್ಯವೂ ದತ್ತಾಂಶವೂ ಎರಡೂ ಹಾಳಾಗುವ ಸಾಧ್ಯತೆಯಿದೆ.
# ಊಪ್ಸ್ ಆದಾಗ ಪ್ಯಾನಿಕ್ ಆಗುವಂತೆ ಕರ್ನಲ್‌ಗೆ ಸೂಚನೆ ಕೊಟ್ಟಿರಬೇಕು. ಇಲ್ಲವಾದರೆ ವ್ಯೂಹದ ತಂತು ಸತ್ತರೂ ಕೆಡಂಪ್ ಕೆಲಸ ಆರಂಭಿಸುವುದಿಲ್ಲ.
# ವ್ಯವಸ್ಥೆಯನ್ನು ಮೊದಲೇ ಪರೀಕ್ಷಿಸಿರಬೇಕು. ಉದ್ದೇಶಪೂರ್ವಕವಾಗಿ ಪ್ಯಾನಿಕ್ ಉಂಟುಮಾಡುವ ಸೌಲಭ್ಯ ಕರ್ನಲ್‌ನಲ್ಲಿಯೇ ಇದೆ. ಮುಖ್ಯ ದತ್ತಾಂಶವಿಲ್ಲದ ಯಂತ್ರದಲ್ಲಿ ಅದನ್ನು ಬಳಸಿ ನೋಡಬಹುದು.

ಕೆಡಂಪ್ ಇಲ್ಲದ ಯಂತ್ರಗಳಲ್ಲಿ ಕರ್ನಲ್ ಸಂದೇಶಗಳನ್ನು ಜಾಲದ ಮೂಲಕ ಬೇರೆ ಯಂತ್ರಕ್ಕೆ ಕಳುಹಿಸುವ ನೆಟ್‌ಕನ್ಸೋಲ್ ಬಳಕೆಯಾಗುತ್ತದೆ. ಅದೂ ಇಲ್ಲದಿದ್ದಾಗ ಪರದೆಯ ಛಾಯಾಚಿತ್ರವೂ ಉಪಯುಕ್ತ ಸಾಕ್ಷ್ಯವೇ.

== ಬೆಂಗಳೂರಿನ ಕೊಡುಗೆ ==

ಲಿನಕ್ಸ್ ದೋಷಶೋಧನೆಯ ಎರಡು ಪ್ರಮುಖ ಸಾಧನಗಳ ಬೆಳವಣಿಗೆಯಲ್ಲಿ ಬೆಂಗಳೂರಿನ ಐಬಿಎಂ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಎಂಜಿನಿಯರರ ಪಾತ್ರ ದೊಡ್ಡದು. ಕೆಎಕ್ಸೆಕ್ ಅನ್ನು ರೂಪಿಸಿದವರು ಅಮೆರಿಕದ ಎರಿಕ್ ಬೀಡರ್‌ಮನ್. ಅದನ್ನು ಆಧರಿಸಿ ಕುಸಿದ ಕರ್ನಲ್‌ನ ಮೆಮೊರಿಯನ್ನು ಉಳಿಸುವ ಕೆಡಂಪ್ ಅನ್ನು ಬೆಳೆಸಿದವರಲ್ಲಿ ಹರಿಪ್ರಸಾದ್ ನೆಲ್ಲಿತೀರ್ಥ, ವಿವೇಕ್ ಗೋಯಲ್ ಮತ್ತು ಮನೀಶ್ ಸೋನಿ ಸೇರಿದ್ದಾರೆ. ಕೆಎಕ್ಸೆಕ್ ಮತ್ತು ಕೆಡಂಪ್ ಎರಡೂ 2005ರಲ್ಲಿ 2.6.13ನೆಯ ಆವೃತ್ತಿಯೊಂದಿಗೆ ಮುಖ್ಯ ಕರ್ನಲ್‌ಗೆ ಸೇರಿದವು. ಅದೇ ವರ್ಷ ಕೆನಡಾದ ಒಟ್ಟಾವಾದಲ್ಲಿ ನಡೆದ ಲಿನಕ್ಸ್ ವಿಚಾರಗೋಷ್ಠಿಯಲ್ಲಿ ಈ ವಿಧಾನದ ಕುರಿತು ಗೋಯಲ್, ಬೀಡರ್‌ಮನ್ ಮತ್ತು ನೆಲ್ಲಿತೀರ್ಥ ಅವರ ಪ್ರಬಂಧ ಮಂಡನೆಯಾಯಿತು.

ಎರಡನೆಯದು ಕೆಪ್ರೋಬ್ಸ್. ಓಡುತ್ತಿರುವ ಕರ್ನಲ್‌ನ ಬಹುತೇಕ ಯಾವುದೇ ಆದೇಶದ ಬಳಿ ತಾತ್ಕಾಲಿಕ ತನಿಖಾ ಬಿಂದುವನ್ನು ಇಡಲು ಇದು ನೆರವಾಗುತ್ತದೆ. ಕರ್ನಲ್ ಅನ್ನು ಮತ್ತೆ ಕಟ್ಟುವ ಅಗತ್ಯವಿರುವುದಿಲ್ಲ. 2002ರಲ್ಲಿ ವಂಶಿ ಕೃಷ್ಣ ಇದನ್ನು ರಚಿಸಿದರು. ಸುಪರ್ಣಾ ಭಟ್ಟಾಚಾರ್ಯ, ಪ್ರಸನ್ನ ಪಂಚಮುಖಿ ಮತ್ತು ಅನಂತ್ ಮಾವಿನಕಾಯನಹಳ್ಳಿ ಅದನ್ನು ಮುಂದೆ ಬೆಳೆಸಿದರು. 2004ರಲ್ಲಿ 2.6.9ನೆಯ ಆವೃತ್ತಿಯಲ್ಲಿ ಕೆಪ್ರೋಬ್ಸ್ ಮುಖ್ಯ ಕರ್ನಲ್ ಸೇರಿತು. ಒಂದು ಪಟ್ಟಿಯನ್ನು ಹಿಡಿದ ಹಾಗೂ ಬಿಟ್ಟ ಪ್ರತಿಯೊಂದು ಸಂದರ್ಭವನ್ನು ದಾಖಲಿಸಿ ಲೆಕ್ಕ ಹೊಂದುತ್ತದೆಯೇ ಎಂದು ನೋಡುವಂತಹ ಕೆಲಸಗಳಿಗೆ ಇದು ತಕ್ಕ ಸಾಧನ.

== ವರದಿಯನ್ನು ಓದುವ ಕ್ರಮ ==

ಕುಸಿತದ ವರದಿ ಮೊದಲ ನೋಟಕ್ಕೆ ಅಂಕಿಗಳ ಗೋಜಲಿನಂತೆ ಕಂಡರೂ ಅದಕ್ಕೊಂದು ನಿಶ್ಚಿತ ವ್ಯಾಕರಣವಿದೆ.

ಮೊದಲ ವರದಿ: ಪ್ರತಿ ಊಪ್ಸ್‌ಗೆ ಕ್ರಮಸಂಖ್ಯೆ ಇರುತ್ತದೆ. ಒಂದನೆಯದೇ ಮುಖ್ಯ. ಉಳಿದವು ಬಹುತೇಕ ಅದರ ಪರಿಣಾಮಗಳು.

ಕಳಂಕ ಸೂಚಕಗಳು: ಕರ್ನಲ್‌ನ ಹಿಂದಿನ ಸ್ಥಿತಿಯನ್ನು ತಿಳಿಸುವ ಅಕ್ಷರಗಳು. ಮೂಲ ಸಂಕೇತ ಲಭ್ಯವಿಲ್ಲದ ಖಾಸಗಿ ಘಟಕ ಸೇರಿದೆಯೇ, ಯಂತ್ರಾಂಶ ದೋಷ ವರದಿಯಾಗಿತ್ತೇ, ಈ ಮೊದಲೇ ಎಚ್ಚರಿಕೆ ಬಂದಿತ್ತೇ ಎಂಬುದು ಇವುಗಳಿಂದ ತಿಳಿಯುತ್ತದೆ.

ಆದೇಶದ ಸ್ಥಾನ: ಯಾವ ಕಾರ್ಯವಿಧಿಯ ಆರಂಭದಿಂದ ಎಷ್ಟನೆಯ ಬೈಟ್‌ನಲ್ಲಿ ಪ್ರೊಸೆಸರ್ ನಿಂತಿತು ಎಂಬುದು. ದೋಷಶೋಧನ ಮಾಹಿತಿಯೊಡನೆ ಕಟ್ಟಿದ ಅದೇ ಆವೃತ್ತಿಯ ಕರ್ನಲ್ ಕಡತವಿದ್ದರೆ ಇದನ್ನು ಮೂಲ ಸಂಕೇತದ ಸಾಲಿನ ಸಂಖ್ಯೆಗೆ ಪರಿವರ್ತಿಸಬಹುದು. ಆವೃತ್ತಿ ಸ್ವಲ್ಪ ಬೇರೆಯಾದರೂ ತಪ್ಪು ಸಾಲು ದೊರೆಯುತ್ತದೆ.

ಕರೆಗಳ ಜಾಡು: ಯಾವ ಕಾರ್ಯವಿಧಿ ಯಾವುದನ್ನು ಕರೆಯಿತು ಎಂಬ ಪಟ್ಟಿ. ತುದಿಯಲ್ಲಿರುವುದು ಕೊನೆಯ ಕರೆ. ಪ್ರಶ್ನೆಚಿಹ್ನೆ ಇರುವ ಹೆಸರುಗಳು ಹಳೆಯ ಕರೆಗಳ ಉಳಿಕೆಯಾಗಿರಬಹುದು, ಅವನ್ನು ಪೂರ್ಣವಾಗಿ ನಂಬಲಾಗದು.

ವಿಳಾಸಗಳ ಮೌಲ್ಯ: ಸೊನ್ನೆಗೆ ತೀರ ಹತ್ತಿರದ ವಿಳಾಸವಿದ್ದರೆ ಖಾಲಿ ಪಾಯಿಂಟರ್ ಬಳಕೆಯಾಗಿದೆ. ಪಟ್ಟಿಯಿಂದ ತೆಗೆದುಹಾಕಿದ ಅಂಶಗಳಲ್ಲಿ ಕರ್ನಲ್ ಒಂದು ವಿಷಮೌಲ್ಯವನ್ನು ತುಂಬಿಡುತ್ತದೆ. ಆ ಮೌಲ್ಯ ಕಂಡರೆ ಒಂದೇ ಅಂಶವನ್ನು ಎರಡು ಬಾರಿ ತೆಗೆಯಲಾಗಿದೆ ಎಂದು ಊಹಿಸಬಹುದು. ಸರಿಯಾದ ವಿಳಾಸಕ್ಕಿಂತ ಒಂದೇ ಒಂದು ದ್ವಿಮಾನ ಅಂಕಿ ಬೇರೆಯಾಗಿದ್ದರೆ ಮೆಮೊರಿ ಚಿಪ್ಪಿನ ದೋಷವನ್ನು ಮೊದಲು ಪರೀಕ್ಷಿಸಬೇಕು.

ಉಳಿಸಿದ ಮೆಮೊರಿಯ ಪ್ರತಿ ಇದ್ದರೆ ಕ್ರ್ಯಾಶ್ ಎಂಬ ಸಾಧನದಿಂದ ಇನ್ನೂ ಆಳಕ್ಕೆ ಹೋಗಬಹುದು. ಎಲ್ಲ ತಂತುಗಳ ಕರೆಗಳ ಜಾಡನ್ನೂ, ಪಟ್ಟಿಯ ಎಣಿಕೆ ಹಾಗೂ ಸ್ಥಿತಿಯನ್ನೂ, ಯಾವ ಡಿಸ್ಕ್ ವ್ಯೂಹದಿಂದ ಹೊರಬಿದ್ದಿತ್ತು ಎಂಬುದನ್ನೂ ಅಲ್ಲಿ ನೋಡಬಹುದು.

== ತಪ್ಪಿನ ಮೂಲಕ್ಕೆ ==

ಒಂದು ಮಾದರಿ ಸನ್ನಿವೇಶವನ್ನು ಪರಿಶೀಲಿಸೋಣ. ಮೊದಲನೆಯ ತಂತು ಒಂದು ಪಟ್ಟಿಯನ್ನು ಒಂದು ಬಾರಿ ಹಿಡಿದು, ಅಪರೂಪದ ದಾರಿಯೊಂದರಲ್ಲಿ ಎರಡು ಬಾರಿ ಬಿಡುತ್ತದೆ. ಇನ್ನೊಂದು ಕಾರ್ಯ ಆ ಪಟ್ಟಿಯನ್ನು ಇನ್ನೂ ಬಳಸುತ್ತಿದ್ದರೂ ಎಣಿಕೆ ಸೊನ್ನೆಗೆ ಇಳಿಯುತ್ತದೆ. ಪಟ್ಟಿ ಮರುಬಳಕೆಯ ಸಾಲಿಗೆ ಸೇರುತ್ತದೆ. ಕೆಲಕಾಲದ ಬಳಿಕ ಎರಡನೆಯ ತಂತು ಅದನ್ನು ತೆಗೆದುಕೊಳ್ಳಲು ಬಂದಾಗ ಪಟ್ಟಿ ಇನ್ನೂ ಕೆಲಸದಲ್ಲಿರುವುದು ಕಾವಲಿಗೆ ಗೊತ್ತಾಗಿ ಕರ್ನಲ್ ಕುಸಿಯುತ್ತದೆ. ವರದಿಯಲ್ಲಿ ಮುದ್ರಿತವಾಗುವುದು ಎರಡನೆಯ ತಂತುವಿನ ಹೆಸರು. ಅದು ಮಾಡಿದ ತಪ್ಪೇನೂ ಇಲ್ಲ. ತಪ್ಪು ಮಾಡಿದ ತಂತು ಆ ವೇಳೆಗೆ ಬೇರೆ ಕೆಲಸಕ್ಕೆ ಹೋಗಿರುತ್ತದೆ.

ಇಂತಹ ಸಂದರ್ಭದಲ್ಲಿ ಕುಸಿದ ಸಾಲನ್ನೇ ಬದಲಿಸಿ, ಕಾವಲನ್ನು ತೆಗೆದುಹಾಕುವುದು ದೊಡ್ಡ ಪ್ರಮಾದ. ಕಾವಲು ಇಲ್ಲದಿದ್ದರೆ ಒಂದು ಸ್ಥಾನಕ್ಕೆ ಸೇರಬೇಕಾದ ದತ್ತಾಂಶ ಇನ್ನೊಂದು ಸ್ಥಾನಕ್ಕೆ ಬರೆಯಲ್ಪಡಬಹುದು. ಆ ಎಣಿಕೆಯನ್ನು ಬದಲಿಸುವ ಎಲ್ಲ ಸ್ಥಳಗಳನ್ನೂ ಪಟ್ಟಿಮಾಡಿ, ಪ್ರತಿ ಏರಿಕೆಗೂ ಒಂದೇ ಇಳಿಕೆ ಇದೆಯೇ ಎಂದು ನೋಡುವುದು ಸರಿಯಾದ ಕ್ರಮ. ಡಿಸ್ಕ್ ವಿಫಲವಾದಾಗ, ವ್ಯೂಹದ ಆಕಾರ ಬದಲಿಸುವಾಗ, ವ್ಯೂಹವನ್ನು ನಿಲ್ಲಿಸುವಾಗ ನಡೆಯುವ ದಾರಿಗಳಿಗೆ ವಿಶೇಷ ಗಮನ ಕೊಡಬೇಕು. ದಿನನಿತ್ಯ ನಡೆಯದ ದಾರಿಗಳಲ್ಲಿಯೇ ದೋಷಗಳು ಹೆಚ್ಚು ಕಾಲ ಅಡಗಿರುತ್ತವೆ.

=== ಮರುಸೃಷ್ಟಿ ===

ದೋಷವನ್ನು ಬೇಕೆಂದಾಗ ಮತ್ತೆ ಉಂಟುಮಾಡಲು ಸಾಧ್ಯವಾದರೆ ಅರ್ಧ ಕೆಲಸ ಮುಗಿದಂತೆ. ಇದಕ್ಕೆ ನಿಜವಾದ ಡಿಸ್ಕ್‌ಗಳು ಬೇಕಾಗಿಲ್ಲ. ತಲಾ 100 ಮೆಗಾಬೈಟ್‌ನ ನಾಲ್ಕು ಕಡತಗಳನ್ನು ಲೂಪ್ ಸಾಧನಗಳಾಗಿ ಮಾರ್ಪಡಿಸಿ ಅವುಗಳ ಮೇಲೆ ವ್ಯೂಹ ಕಟ್ಟಬಹುದು. ಕ್ಯೂಎಮು ಮುಂತಾದ ಕಾಲ್ಪನಿಕ ಯಂತ್ರದೊಳಗೆ ಇದನ್ನು ನಡೆಸಿದರೆ ಎಷ್ಟು ಬಾರಿ ಕುಸಿದರೂ ನಷ್ಟವಿಲ್ಲ. ಬೇಕೆಂದೇ ತಪ್ಪು ಉತ್ತರ ಕೊಡುವ ಸಾಧನಗಳನ್ನು ನಡುವೆ ಸೇರಿಸಿ ಡಿಸ್ಕ್ ವೈಫಲ್ಯವನ್ನು ಅನುಕರಿಸಬಹುದು. ಎಂಡಿಎಡಿಎಂ ಮೂಲ ಸಂಕೇತದ ಜೊತೆಯಲ್ಲಿಯೇ ಪರೀಕ್ಷೆಗಳ ಒಂದು ಕಟ್ಟು ಬರುತ್ತದೆ.

=== ನೆರವಿನ ಸಾಧನಗಳು ===

* ಲಾಕ್‌ಡೆಪ್: ಬೀಗಗಳನ್ನು ಹಿಡಿಯುವ ಕ್ರಮದಲ್ಲಿ ವಿರೋಧವಿದ್ದರೆ, ಸ್ತಂಭನ ಸಂಭವಿಸುವ ಮೊದಲೇ ಎಚ್ಚರಿಸುತ್ತದೆ. 2006ರಲ್ಲಿ ಕರ್ನಲ್ ಸೇರಿದ ಇದರ ರಚನಕಾರರಲ್ಲಿ ಎಂಡಿ ಚಾಲಕವನ್ನು ಪುನಃ ರಚಿಸಿದ ಇಂಗೊ ಮೊಲ್ನಾರ್ ಒಬ್ಬರು.
* ಕಸಾನ್: ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದ ಕ್ಷಣದಲ್ಲಿಯೇ ವರದಿ ಮಾಡುತ್ತದೆ. ಆ ಮೆಮೊರಿಯನ್ನು ಪಡೆದವರು ಮತ್ತು ಬಿಟ್ಟುಕೊಟ್ಟವರ ಜಾಡನ್ನೂ ತೋರಿಸುತ್ತದೆ. ತಪ್ಪು ನಡೆದ ಸ್ಥಳ ಮತ್ತು ಕಂಡ ಸ್ಥಳದ ಅಂತರವನ್ನು ಇದು ಬಹಳ ಕಡಿಮೆ ಮಾಡುತ್ತದೆ.
* ಗಿಟ್ ಬೈಸೆಕ್ಟ್: ಹಳೆಯ ಆವೃತ್ತಿ ಸರಿಯಿದ್ದು ಹೊಸದು ಕುಸಿಯುತ್ತಿದ್ದರೆ, ನಡುವಿನ ಬದಲಾವಣೆಗಳನ್ನು ಅರ್ಧರ್ಧವಾಗಿ ಸೀಳುತ್ತಾ ತಪ್ಪನ್ನು ತಂದ ಬದಲಾವಣೆಯನ್ನು ಗುರುತಿಸುತ್ತದೆ. 1000 ಬದಲಾವಣೆಗಳಿದ್ದರೆ ಸುಮಾರು 10 ಪರೀಕ್ಷೆಗಳು, 10,000 ಇದ್ದರೆ ಸುಮಾರು 14 ಪರೀಕ್ಷೆಗಳು ಸಾಕು.

ವಿರಳವಾಗಿ ಕಾಣುವ ದೋಷಕ್ಕೆ ಬೈಸೆಕ್ಟ್ ಬಳಸುವಾಗ ಪ್ರತಿ ಹಂತದಲ್ಲಿಯೂ ಸಾಕಷ್ಟು ಹೊತ್ತು ಪರೀಕ್ಷಿಸಬೇಕು. ಆತುರದಲ್ಲಿ ಒಂದು ಆವೃತ್ತಿಯನ್ನು ಸರಿಯೆಂದು ತಪ್ಪಾಗಿ ಗುರುತಿಸಿದರೆ ಮುಂದಿನ ಹಂತಗಳೆಲ್ಲವೂ ವ್ಯರ್ಥ.

== 2015ರ ರೇಡ್-0 ದೋಷ ==

ಕುಸಿಯದೆಯೇ ಹಾನಿ ಮಾಡುವ ದೋಷ ಹೇಗಿರುತ್ತದೆ ಎಂಬುದಕ್ಕೆ 2015ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ಪ್ರಕರಣ ಉತ್ತಮ ನಿದರ್ಶನ. ಲಿನಕ್ಸ್ 4.0 ಆವೃತ್ತಿಯ ಬಳಕೆದಾರರು ಕಡತಗಳು ಹಾಳಾಗುತ್ತಿರುವುದನ್ನು ಕಂಡರು. ಮೊದಲು ಸಂಶಯ ಹೋದುದು ಎಕ್ಸ್ಟ್-4 ಕಡತ ವ್ಯವಸ್ಥೆಯ ಮೇಲೆ. ನಿಜವಾದ ದೋಷವಿದ್ದುದು ಅದರ ಕೆಳಗಿನ ರೇಡ್-0 ಚಾಲಕದಲ್ಲಿ.

ದೋಷದ ಸ್ವರೂಪವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಎರಡು ಡಿಸ್ಕ್‌ಗಳ ರೇಡ್-0 ವ್ಯೂಹದಲ್ಲಿ ತುಂಡಿನ ಗಾತ್ರ 512 ಕಿಲೋಬೈಟ್, ಅಂದರೆ 1024 ಸೆಕ್ಟರ್ ಎಂದಿರಲಿ. ತುಂಡುಗಳನ್ನು ಸೊನ್ನೆಯಿಂದ ಎಣಿಸಿದರೆ 5000ನೆಯ ಸೆಕ್ಟರ್ 4ನೆಯ ತುಂಡಿನಲ್ಲಿದೆ. ಕಡತವೊಂದನ್ನು ಅಳಿಸಿದಾಗ 5000ರಿಂದ 6423ರವರೆಗಿನ ಸೆಕ್ಟರ್‌ಗಳು ಇನ್ನು ಬೇಡವೆಂಬ ತೆರವಿನ ಕೋರಿಕೆ ಬರುತ್ತದೆ. ತುಂಡುಗಳ ಗಡಿಯಲ್ಲಿ ಚಾಲಕವು ಇದನ್ನು ಮೂರು ಭಾಗ ಮಾಡುತ್ತದೆ: 4ನೆಯ ತುಂಡಿನ ಕೊನೆಯ 120 ಸೆಕ್ಟರ್, 5ನೆಯ ತುಂಡಿನ ಪೂರ್ಣ 1024 ಸೆಕ್ಟರ್, 6ನೆಯ ತುಂಡಿನ ಮೊದಲ 280 ಸೆಕ್ಟರ್.

ಪ್ರತಿ ಭಾಗವನ್ನು ಕತ್ತರಿಸಿದ ಕೂಡಲೇ ಮೂಲ ಕೋರಿಕೆಯ ಆರಂಭಸ್ಥಾನ ಮುಂದಿನ ಭಾಗಕ್ಕೆ ಸರಿಯುತ್ತದೆ. ಸ್ಥಾನವನ್ನು ಹಿಡಿದಿಟ್ಟ ಚಲಕವನ್ನು ಲೆಕ್ಕಾಚಾರದ ಒಂದು ವಿಧಿ ಬದಲಿಸುತ್ತಿದ್ದುದರಿಂದ ಅದಕ್ಕೆ ಮೂಲ ಮೌಲ್ಯವನ್ನು ಮರಳಿ ತುಂಬುವ ಒಂದು ಸಾಲನ್ನು ಹಿಂದೆ ಸೇರಿಸಲಾಗಿತ್ತು. ಆ ಸಾಲು ಕತ್ತರಿಸುವ ಕೆಲಸಕ್ಕಿಂತ ಮುಂಚೆ ಇರಬೇಕಿತ್ತು, ಅದು ಅನಂತರ ಇತ್ತು. ಹೀಗಾಗಿ ಕೊನೆಯದನ್ನುಳಿದು ಪ್ರತಿ ಭಾಗವೂ ತನ್ನ ಮುಂದಿನ ಭಾಗದ ಸ್ಥಾನಕ್ಕೆ ಹೋಗುತ್ತಿತ್ತು. ನಮ್ಮ ಉದಾಹರಣೆಯಲ್ಲಿ 5ನೆಯ ತುಂಡಿನ 1024 ಸೆಕ್ಟರ್‌ಗಳ ತೆರವು 6ನೆಯ ತುಂಡಿನ ಮೇಲೆ ನಡೆಯುತ್ತದೆ. ಕೋರಿಕೆ 6423ಕ್ಕೆ ಮುಗಿಯಬೇಕಿದ್ದರೂ 7167ರವರೆಗೆ ಎಲ್ಲವೂ ತೆರವಾಗುತ್ತದೆ. ಕೋರಿಕೆಗೆ ಸಂಬಂಧಿಸದ 744 ಸೆಕ್ಟರ್‌ಗಳು, ಎಂದರೆ 372 ಕಿಲೋಬೈಟ್ ದತ್ತಾಂಶ ಇಲ್ಲವಾಗುತ್ತದೆ. ಒಂದು ಕಡತವನ್ನು ಅಳಿಸಿದರೆ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಕಡತ ಬರಿದಾಗುತ್ತಿದ್ದುದು ಹೀಗೆ.

ಎರಿಕ್ ವರ್ಕ್ ಅವರ ತಿದ್ದುಪಡಿಯು ಆ ಒಂದು ಸಾಲನ್ನು ಸರಿಯಾದ ಸ್ಥಳಕ್ಕೆ ಸರಿಸಿತು. ಯಂತ್ರ ಕುಸಿಯಲಿಲ್ಲ, ಎಚ್ಚರಿಕೆ ಮುದ್ರಿತವಾಗಲಿಲ್ಲ, ಹಾನಿ ಮಾತ್ರ ನಡೆದಿತ್ತು. ಬಗ್-ಆನ್ ಕಾವಲಿನಿಂದ ಉಂಟಾಗುವ ಕುಸಿತ ಇದಕ್ಕೆ ಹೋಲಿಸಿದರೆ ಸಣ್ಣ ತೊಂದರೆ. ಸೇವೆ ನಿಲ್ಲುತ್ತದೆ, ಆದರೆ ತಪ್ಪು ಅಲ್ಲಿಯೇ ತಡೆಯಲ್ಪಡುತ್ತದೆ.

== ಕುಸಿತದ ನಂತರ ದತ್ತಾಂಶದ ರಕ್ಷಣೆ ==

ಮರುಚಾಲನೆಯ ಬಳಿಕ ವ್ಯೂಹದ ಸ್ಥಿತಿಯನ್ನು ಕರ್ನಲ್‌ನ ಎಂಡಿಸ್ಟ್ಯಾಟ್ ಕಡತದಲ್ಲಿ ನೋಡಬಹುದು. ಅಲ್ಲಿ ಯು ಎಂಬ ಇಂಗ್ಲಿಷ್ ಅಕ್ಷರ ಕೆಲಸದಲ್ಲಿರುವ ಡಿಸ್ಕನ್ನೂ, ಅಡಿಗೆರೆ ಹೊರಬಿದ್ದ ಡಿಸ್ಕನ್ನೂ ಸೂಚಿಸುತ್ತದೆ. ಎಲ್ಲ ಡಿಸ್ಕ್‌ಗಳೂ ಇದ್ದರೆ ಚಾಲಕವು ಪ್ಯಾರಿಟಿಯನ್ನು ತಾನಾಗಿ ಮರುಹೊಂದಿಸುತ್ತದೆ. ಬರಹದ ಉದ್ದೇಶವನ್ನು ದಾಖಲಿಸುವ ಬಿಟ್‌ಮ್ಯಾಪ್ ಇದ್ದರೆ ಕುಸಿತದ ಕ್ಷಣದಲ್ಲಿ ಬಳಕೆಯಲ್ಲಿದ್ದ ಭಾಗಗಳನ್ನು ಮಾತ್ರ ಹೊಂದಿಸಿದರೆ ಸಾಕಾಗುತ್ತದೆ. ಒಂದು ಡಿಸ್ಕ್ ಇಲ್ಲದಿರುವಾಗ ಹೊಂದಿಕೆಯೂ ತಪ್ಪಿದ್ದರೆ, ಬರಹದ ರಂಧ್ರದ ಭಯದಿಂದ ರೇಡ್-5 ಚಾಲಕವು ವ್ಯೂಹವನ್ನು ತಾನಾಗಿ ಆರಂಭಿಸಲು ನಿರಾಕರಿಸುತ್ತದೆ.

ಆಗ ಅನುಸರಿಸಬೇಕಾದ ಕ್ರಮ ಹೀಗಿದೆ:

# ಪ್ರತಿ ಡಿಸ್ಕಿನ ಮೇಲ್ವಿಚಾರಣಾ ದಾಖಲೆಯನ್ನು ಎಂಡಿಎಡಿಎಂನ ಪರಿಶೀಲನಾ ಆಜ್ಞೆಯಿಂದ ಓದಿ ಬೇರೆ ಕಡೆ ಬರೆದಿಡಬೇಕು. ಡಿಸ್ಕ್‌ಗಳ ಕ್ರಮ, ತುಂಡಿನ ಗಾತ್ರ, ದತ್ತಾಂಶದ ಆರಂಭಸ್ಥಾನ ಇವೆಲ್ಲ ಅಲ್ಲಿರುತ್ತವೆ.
# ಘಟನೆಗಳ ಎಣಿಕೆಯನ್ನು ಹೋಲಿಸಬೇಕು. ಎಣಿಕೆ ಹಿಂದುಳಿದ ಡಿಸ್ಕ್ ಮೊದಲೇ ವ್ಯೂಹದಿಂದ ಹೊರಬಿದ್ದುದು, ಅದರ ದತ್ತಾಂಶ ಹಳೆಯದು.
# ಸಾಧ್ಯವಾದರೆ ಡಿಸ್ಕ್‌ಗಳ ಪೂರ್ಣ ಪ್ರತಿ ಮಾಡಬೇಕು. ಆಗದಿದ್ದರೆ ಹೊಸ ಬರಹಗಳೆಲ್ಲ ಬೇರೊಂದು ಕಡತಕ್ಕೆ ಹೋಗುವಂತೆ ಪ್ರತಿ ಡಿಸ್ಕಿನ ಮೇಲೆ ಹೊದಿಕೆ ಪದರವನ್ನು ಹಾಕಿ ಪ್ರಯೋಗಿಸಬೇಕು.
# ಅನಂತರವೇ ಒತ್ತಾಯದ ಜೋಡಣೆಯನ್ನು ಪ್ರಯತ್ನಿಸಬೇಕು. ಕಡತ ವ್ಯವಸ್ಥೆಯನ್ನು ಮೊದಲು ಓದಲು ಮಾತ್ರ ಬರುವಂತೆ ತೆರೆಯಬೇಕು.

ಹೊಸದಾಗಿ ವ್ಯೂಹ ರಚಿಸುವ ಆಜ್ಞೆಯನ್ನು ಹಳೆಯ ಡಿಸ್ಕ್‌ಗಳ ಮೇಲೆ ಬಳಸುವುದು ಅತ್ಯಂತ ಅಪಾಯಕಾರಿ. ಡಿಸ್ಕ್‌ಗಳ ಕ್ರಮ ಅಥವಾ ಆರಂಭಸ್ಥಾನ ತಪ್ಪಿದರೆ ಪ್ಯಾರಿಟಿಯ ಮರುಲೆಕ್ಕವು ಉಳಿದಿದ್ದ ದತ್ತಾಂಶವನ್ನೂ ಅಳಿಸುತ್ತದೆ. ಆರಂಭಸ್ಥಾನದ ರೂಢಿಯ ಮೌಲ್ಯವು ಎಂಡಿಎಡಿಎಂ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿರುವುದರಿಂದ ಹಿಂದಿನ ಆಜ್ಞೆಯನ್ನೇ ಮತ್ತೆ ಕೊಟ್ಟರೂ ಫಲ ಬೇರೆಯಾಗಬಹುದು. ಡಿಸ್ಕ್ ವ್ಯೂಹವು ಡಿಸ್ಕ್ ವೈಫಲ್ಯದಿಂದ ಮಾತ್ರ ರಕ್ಷಣೆ ಕೊಡುತ್ತದೆ. ಚಾಲಕದ ದೋಷ, ಮಾನವ ಪ್ರಮಾದ, ಸಿಡಿಲು ಇವುಗಳಿಂದ ರಕ್ಷಣೆಗೆ ಬೇರೆಡೆ ಇಟ್ಟ ಪ್ರತಿಯೇ ಬೇಕು.

== ತಿದ್ದುಪಡಿಯನ್ನು ಒಪ್ಪಿಸುವುದು ==

ಎಂಡಿ ಚಾಲಕದ ಮೂಲ ಸಂಕೇತ ಎಲ್ಲರಿಗೂ ಲಭ್ಯವಿರುವುದರಿಂದ ಯಾರು ಬೇಕಾದರೂ ದೋಷವನ್ನು ವರದಿ ಮಾಡಬಹುದು, ತಿದ್ದುಪಡಿಯನ್ನೂ ಕಳುಹಿಸಬಹುದು. ವರದಿಯಲ್ಲಿ ಕರ್ನಲ್‌ನ ನಿಖರ ಆವೃತ್ತಿ, ಮೊದಲ ಊಪ್ಸ್‌ನ ಪೂರ್ಣ ಪಾಠ, ವ್ಯೂಹದ ವಿವರ ಹಾಗೂ ಮರುಸೃಷ್ಟಿಯ ಹಂತಗಳು ಇರಬೇಕು. ತಿದ್ದುಪಡಿಯ ವಿವರಣೆಯಲ್ಲಿ ದೋಷ ಹೇಗೆ ಉಂಟಾಗುತ್ತದೆ, ಯಾವ ಹಿಂದಿನ ಬದಲಾವಣೆಯಿಂದ ಅದು ಬಂದಿತು ಎಂಬುದನ್ನು ಬರೆಯುವುದು ವಾಡಿಕೆ. ಹಳೆಯ ಸ್ಥಿರ ಆವೃತ್ತಿಗಳಿಗೆ ತಿದ್ದುಪಡಿಯನ್ನು ತಲುಪಿಸುವವರಿಗೆ ಈ ಮಾಹಿತಿಯೇ ಆಧಾರ. ದೋಷವನ್ನು ಮರುಸೃಷ್ಟಿಸಿದ ಪರೀಕ್ಷೆಯನ್ನು ಪರೀಕ್ಷೆಗಳ ಕಟ್ಟಿಗೆ ಸೇರಿಸಿದರೆ ಅದೇ ತಪ್ಪು ಮುಂದೆ ಮರುಕಳಿಸಿದಾಗ, ಬಳಕೆದಾರರ ಡಿಸ್ಕ್‌ಗಳಿಗೆ ತಲುಪುವ ಮೊದಲೇ ಅದು ಪತ್ತೆಯಾಗುತ್ತದೆ.